ಕೊನೇ ಬೆಂಚಿನಿಂದ ನೋಡಿ ಆರಿಸಿ: ಹೈಸ್ಕೂಲ್ ಕ್ಲಾಸಿಗೆ ಟಿವಿಯೋ, ಪ್ರೊಜೆಕ್ಟರೋ, ಫೋನೋ?

ಹೊಸದುರ್ಗ ಕಡೆ ಹೈಸ್ಕೂಲ್ ಟೀಚರ್ ಆಗಿರುವ ನನ್ನ ಗೆಳತಿ ಹೋದ ವಾರ ಫೋನ್ ಮಾಡಿದ್ದಳು. ಅವಳ ಶಾಲೆಯ ಹಳೇ ವಿದ್ಯಾರ್ಥಿಗಳು ಸೇರಿ 50 ಸಾವಿರ ರೂಪಾಯಿ ಕೂಡಿಸಿದ್ದಾರೆ. "ಮಕ್ಕಳಿಗೆ ಸ್ಮಾರ್ಟ್ ಕ್ಲಾಸ್ ಮಾಡಿಸಿ ಮೇಡಂ" ಅಂದಿದ್ದಾರೆ. ಶಾಲೆಯ ಅಭಿವೃದ್ಧಿ ಸಮಿತಿ, ಅಂದರೆ ಎಸ್‌ಡಿಎಂಸಿಯವರು ದೊಡ್ಡ ಟಿವಿ ತನ್ನಿ ಅಂತಾರೆ. ಎಚ್‌ಎಂ ಪ್ರೊಜೆಕ್ಟರ್ ಅಂತಾರೆ. ಊರಿನ ಹುಡುಗನೊಬ್ಬ ಬೆಂಗಳೂರಲ್ಲಿ ಕೆಲಸದಲ್ಲಿದ್ದಾನೆ, ಅವನು ಟ್ಯಾಬ್ ಕೊಡಿಸಿ ಅಂತಾನೆ. "ನೀನು ನಾಲ್ಕೈದು ವರ್ಷದಿಂದ ಇದನ್ನೇ ಮಾಡ್ತಾ ಇದೀಯಲ್ಲ, ನೀನೇನು ಹೇಳ್ತೀಯ?" ಅಂತ ಕೇಳಿದಳು.

ನಾನು ಚಳ್ಳಕೆರೆ ತಾಲ್ಲೂಕಿನ ಹಳ್ಳಿಯೊಂದರಲ್ಲಿ 8ರಿಂದ 10ನೇ ತರಗತಿವರೆಗೆ ವಿಜ್ಞಾನ ಹೇಳಿಕೊಡುತ್ತೇನೆ. ಫೋನಿನಲ್ಲಿ ಹೇಳಿದ್ದು ಅರ್ಧಕ್ಕೇ ನಿಂತಿತು, ಬೆಲ್ ಹೊಡೆಯಿತು. ಅದಕ್ಕೇ ಪೂರ್ತಿ ಬರೆಯುತ್ತಿದ್ದೇನೆ. ಇದೇ ಪ್ರಶ್ನೆ ಹಿಡಿದುಕೊಂಡಿರುವ ಟೀಚರ್‌ಗಳು ನಮ್ಮ ಜಿಲ್ಲೆಯಲ್ಲೂ ಪಕ್ಕದ ದಾವಣಗೆರೆಯಲ್ಲೂ ಬೇಕಾದಷ್ಟು ಜನ ಇದ್ದಾರೆ.

ಮೊದಲು ಕೊನೇ ಬೆಂಚಿಗೆ ಹೋಗಿ ಕೂರಿ

ಮೊದಲ ಸಲ ನಾನು ಮನೆಯ 32 ಇಂಚಿನ ಟಿವಿಯನ್ನೇ ಶಾಲೆಗೆ ಹೊತ್ತು ತಂದಿದ್ದೆ. ಬೆಳಕಿನ ಪಾಠ. ಮುಂದಿನ ಎರಡು ಸಾಲಿನ ಮಕ್ಕಳು ಕಣ್ಣು ಮಿಟುಕಿಸದೆ ನೋಡಿದರು. ನನಗೆ ಖುಷಿಯೋ ಖುಷಿ. ಪಿರಿಯಡ್ ಮುಗಿಯುವಾಗ ಹಿಂದೆ ಹೋಗಿ ಒಬ್ಬ ಹುಡುಗಿಯ ನೋಟ್ಸ್ ತೆಗೆದು ನೋಡಿದೆ. ತಾರೀಕು ಇತ್ತು, ಪಾಠದ ಹೆಸರಿತ್ತು, ಕೆಳಗೆ ಗೆರೆ ಎಳೆದಿದ್ದಳು. ಆಮೇಲೆ ಪುಟ ಖಾಲಿ. ಯಾಕಮ್ಮಾ ಅಂದೆ. "ಮೇಡಂ, ಬೆಳಕು ಕಾಣ್ತೈತಿ, ಅಕ್ಷರ ಕಾಣಲ್ಲ" ಅಂದಳು.

ಆ ಮಾತು ಇವತ್ತಿಗೂ ನನ್ನ ಅಳತೆಗೋಲು. ಯಾವ ಸಾಮಾನು ತರಬೇಕಾದರೂ ನಾನು ಮೊದಲು ಕೊನೇ ಬೆಂಚಿನಲ್ಲಿ ಕೂತು ನೋಡುತ್ತೇನೆ. ಪರದೆಯ ಮೇಲೆ ಒಂದೇ ಒಂದು ಪದ ಹಾಕುತ್ತೇನೆ: ದ್ಯುತಿಸಂಶ್ಲೇಷಣೆ. ಇದರಲ್ಲಿ ಒತ್ತಕ್ಷರ ಇದೆ, ಕೊಂಬಿದೆ, ಸೊನ್ನೆ ಇದೆ, ದೀರ್ಘ ಇದೆ. ಇಂಗ್ಲಿಷ್ ಅಕ್ಷರ ಚಿಕ್ಕದಾದರೂ ಓದಬಹುದು. ಕನ್ನಡದಲ್ಲಿ ಒತ್ತು ಕೂಡಿಕೊಂಡರೆ ಪದವೇ ಬೇರೆಯಾಗುತ್ತದೆ. ಅದರ ಕೆಳಗೆ ಒಂದು ರಾಸಾಯನಿಕ ಸೂತ್ರ ಹಾಕಿ, ಕೆಳಗಿರುವ ಪುಟ್ಟ 2, ಪುಟ್ಟ 4 ಕಾಣುತ್ತವಾ ನೋಡಿ. ಅಂಗಡಿಯವರು ಸಿನಿಮಾ ಹಾಡು ಹಾಕಿ ತೋರಿಸುತ್ತಾರೆ. ಹಾಡು ಎಷ್ಟು ದೂರದಿಂದ ಬೇಕಾದರೂ ಚೆನ್ನಾಗಿಯೇ ಕಾಣುತ್ತದೆ. ನಮಗೆ ಬೇಕಿರುವುದು ಅಕ್ಷರ.

ಇದಕ್ಕೊಂದು ಸುಲಭ ಲೆಕ್ಕ ಇದೆ. ಪರದೆಯ ಎತ್ತರ ಎಷ್ಟಿದೆಯೋ ಅದರ ಆರು ಪಟ್ಟು ದೂರದವರೆಗೆ ಕೂತವರು ಆರಾಮಾಗಿ ಓದಬಹುದು. ಟಿವಿಯ ಇಂಚು ಅಂದರೆ ಮೂಲೆಯಿಂದ ಮೂಲೆಗೆ ಅಳತೆ. ಎತ್ತರ ಅದಕ್ಕಿಂತ ತುಂಬಾ ಕಮ್ಮಿ. 43 ಇಂಚಿನ ಟಿವಿಯ ಎತ್ತರ ಹೆಚ್ಚುಕಮ್ಮಿ 1 ಅಡಿ 9 ಇಂಚು. ಅಂದರೆ ಹತ್ತೂವರೆ ಅಡಿ ದೂರದವರೆಗೆ ಮಾತ್ರ. 55 ಇಂಚಿನದು 2 ಅಡಿ 3 ಇಂಚು, ಹದಿಮೂರೂವರೆ ಅಡಿಯವರೆಗೆ. 65 ಇಂಚಿನದಾದರೆ 16 ಅಡಿ. ಪ್ರೊಜೆಕ್ಟರ್‌ನಿಂದ ಗೋಡೆ ಮೇಲೆ 6 ಅಡಿ ಅಗಲದ ಚಿತ್ರ ಬಿಟ್ಟರೆ, ಟಿವಿಯ ಹಾಗೆ ಅಗಲ ಜಾಸ್ತಿ ಇರುವ ಚಿತ್ರವಾದರೂ ಎತ್ತರ 3 ಅಡಿ 4 ಇಂಚು ಬರುತ್ತದೆ. 20 ಅಡಿವರೆಗೆ ಓದಬಹುದು.

ಈಗ ನಿಮ್ಮ ಕ್ಲಾಸಿಗೆ ಟೇಪ್ ಹಿಡಿಯಿರಿ. ನಮ್ಮದು 24 ಅಡಿ ಉದ್ದದ ಕೋಣೆ. ಬೋರ್ಡಿನಿಂದ ಕೊನೇ ಬೆಂಚಿಗೆ 21 ಅಡಿ. 43 ಇಂಚಿನ ಟಿವಿ ತಂದಿದ್ದರೆ ನನ್ನ ಅರ್ಧ ಮಕ್ಕಳು ಬರೀ ಬೆಳಕು ನೋಡುತ್ತಿದ್ದರು.

ಟಿವಿ ಮತ್ತು ಪ್ರೊಜೆಕ್ಟರ್

ಹಾಗಾದರೆ ಪ್ರೊಜೆಕ್ಟರ್ರೇ ಸರಿ ಅಲ್ವಾ ಅನ್ನಿಸುತ್ತದೆ. ಅಷ್ಟು ಸಲೀಸಲ್ಲ. ನಮ್ಮ ಕಡೆ ಫೆಬ್ರವರಿ ಬಂತೆಂದರೆ ಹತ್ತು ಗಂಟೆಗೇ ಬಿಸಿಲು ಕಣ್ಣಿಗೆ ಹೊಡೆಯುತ್ತದೆ. ಕಿಟಕಿ ಮುಚ್ಚದೆ ಪ್ರೊಜೆಕ್ಟರ್ ಹಾಕಿದರೆ ಗೋಡೆ ಮೇಲೆ ಮಾಸಿದ ನೆರಳು ಕಾಣುತ್ತದೆ ಅಷ್ಟೆ. ಕಿಟಕಿ ಮುಚ್ಚಿದರೆ 50 ಮಕ್ಕಳು ಬೆವರುತ್ತಾ ಕೂರಬೇಕು. ಕತ್ತಲಲ್ಲಿ ನೋಟ್ಸ್ ಬರೆಯಲೂ ಆಗುವುದಿಲ್ಲ. ಪ್ರೊಜೆಕ್ಟರ್ ಎಷ್ಟು ಬೆಳಕು ಬಿಡುತ್ತದೆ ಅನ್ನುವುದನ್ನು ಲ್ಯೂಮೆನ್ಸ್‌ನಲ್ಲಿ ಅಳೆಯುತ್ತಾರೆ. ಮೂರು ಸಾವಿರಕ್ಕಿಂತ ಜಾಸ್ತಿ ಲ್ಯೂಮೆನ್ಸ್ ಇರುವ ಪ್ರೊಜೆಕ್ಟರ್ ಆದರೆ ಅರ್ಧ ಬೆಳಕಿರುವ ಕೋಣೆಯಲ್ಲೂ ನಡೆಯುತ್ತದೆ. ಆದರೆ ಆ ಲೆಕ್ಕ ಎಎನ್‌ಎಸ್‌ಐ ಲ್ಯೂಮೆನ್ಸ್‌ನಲ್ಲಿ, ಅಂದರೆ ಗೊತ್ತಾದ ಒಂದು ಮಾನದಂಡದ ಪ್ರಕಾರ ಅಳೆದದ್ದು ಇರಬೇಕು. ಆನ್‌ಲೈನಿನಲ್ಲಿ ಏಳೆಂಟು ಸಾವಿರಕ್ಕೆ ಸಿಗುವ ಪುಟ್ಟ ಪ್ರೊಜೆಕ್ಟರ್‌ಗಳ ಡಬ್ಬಿ ಮೇಲೆ ದೊಡ್ಡ ದೊಡ್ಡ ಸಂಖ್ಯೆ ಇರುತ್ತದೆ. ಅದನ್ನು ನಂಬಿ ನಾವು ಒಂದು ತರಿಸಿದ್ದೆವು. ರಾತ್ರಿ ಮನೆಯಲ್ಲಿ ಚೆನ್ನಾಗಿ ಕಂಡಿತು. ಹಗಲು ಕ್ಲಾಸಿನಲ್ಲಿ ಚಿತ್ರ ಎಲ್ಲಿದೆ ಅಂತ ಹುಡುಕಬೇಕಾಯಿತು. ಮಕ್ಕಳ ಮುಂದೆ ನನಗೆ ತುಂಬಾ ಬೇಜಾರಾಯಿತು. ನೀವು ಆ ದುಡ್ಡು ಹಾಳು ಮಾಡಬೇಡಿ.

ಇನ್ನು ಧೂಳು. ಬಯಲುಸೀಮೆಯ ಗಾಳಿ ನಿಮಗೆ ಗೊತ್ತೇ ಇದೆ. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರ ನಿಲ್ಲಿಸಿರುವುದು ಸುಮ್ನೆ ಅಲ್ಲ. ಆ ಗಾಳಿ ಕ್ಲಾಸಿಗೂ ಬರುತ್ತದೆ, ಕೆಂಪು ಧೂಳು ಹೊತ್ತುಕೊಂಡೇ ಬರುತ್ತದೆ. ಪ್ರೊಜೆಕ್ಟರ್ ಒಳಗೆ ಫ್ಯಾನ್ ಇರುತ್ತದೆ, ಧೂಳನ್ನು ಎಳೆದುಕೊಳ್ಳುತ್ತದೆ. ಫಿಲ್ಟರ್ ಇರುವ ಮಾಡೆಲ್ ಆದರೆ 15 ದಿನಕ್ಕೊಮ್ಮೆ ತೆಗೆದು ಒರೆಸಬೇಕು. ಬಲ್ಬ್ ಇರುವ ಪ್ರೊಜೆಕ್ಟರನ್ನು ಪ್ಲಗ್ ಕಿತ್ತು ಆಫ್ ಮಾಡಬಾರದು. ಒಳಗಿನ ಫ್ಯಾನ್ ತಿರುಗಿ ಬಲ್ಬ್ ತಣ್ಣಗಾಗುವವರೆಗೆ ಕಾಯಬೇಕು. ಕರೆಂಟ್ ಹೋದರೆ ನಮ್ಮನ್ನು ಕೇಳಿ ಹೋಗುವುದಿಲ್ಲವಲ್ಲ, ಅದಕ್ಕೇ ಇಂಥ ಪ್ರೊಜೆಕ್ಟರ್‌ಗೆ ಯುಪಿಎಸ್ ಇರಲೇಬೇಕು. ತಂತ್ರಜ್ಞಾನದ ನೆರವಿನಿಂದ ಪಾಠ ಮಾಡಲು ರಾಜ್ಯ ಸರ್ಕಾರ ತಂದ ಟಿಎಎಲ್‌ಪಿ ಯೋಜನೆಯಲ್ಲಿ ಎಷ್ಟೋ ಶಾಲೆಗಳಿಗೆ ಲ್ಯಾಪ್‌ಟಾಪ್, ಪ್ರೊಜೆಕ್ಟರ್ ಬಂದಿವೆ. ಹೊಸದು ಕೊಳ್ಳುವ ಮೊದಲು ನಿಮ್ಮ ಶಾಲೆಯ ಬೀರುವಿನಲ್ಲಿ ಒಂದು ಮಲಗಿದೆಯಾ ನೋಡಿ. ಬಲ್ಬ್ ಬದಲಾಯಿಸಿದರೆ ಎದ್ದು ಕೂರುವ ಪ್ರೊಜೆಕ್ಟರ್‌ಗಳು ಎಷ್ಟೋ ಇವೆ.

ಕರೆಂಟಿನ ಲೆಕ್ಕದಲ್ಲಿ ಟಿವಿ ಗೆಲ್ಲುತ್ತದೆ. 150 ಎಎಚ್ (ಆಂಪಿಯರ್-ಅವರ್) ಸಾಮರ್ಥ್ಯದ ಒಂದು ಬ್ಯಾಟರಿ ಇರುವ ಇನ್ವರ್ಟರ್ ಅಂದುಕೊಳ್ಳಿ. ಅದನ್ನು ಬ್ಯಾಟರಿಯ 12 ವೋಲ್ಟ್‌ಗೆ ಗುಣಿಸಿದರೆ 1800 ವ್ಯಾಟ್-ಅವರ್, ಅದು ಬ್ಯಾಟರಿ ಹಿಡಿಯುವ ಒಟ್ಟು ಶಕ್ತಿ. ಬ್ಯಾಟರಿ ಬಾಳಿಕೆ ಬರಬೇಕೆಂದರೆ ಅರ್ಧ ಮಾತ್ರ ಬಳಸಬೇಕು, ಅಂದರೆ 900. ಬಲ್ಬಿನ ಪ್ರೊಜೆಕ್ಟರ್ 280 ವ್ಯಾಟ್ ತಿಂದರೆ ಮೂರು ಗಂಟೆ ಓಡುತ್ತದೆ. 55 ಇಂಚಿನ ಎಲ್‌ಇಡಿ ಟಿವಿ 110 ವ್ಯಾಟ್ ತಿಂದರೆ ಎಂಟು ಗಂಟೆ. ಇದನ್ನು ನಾನು 10ನೇ ತರಗತಿಯ ವಿದ್ಯುತ್ ಪಾಠದಲ್ಲಿ ಮಕ್ಕಳ ಕೈಯಲ್ಲೇ ಲೆಕ್ಕ ಮಾಡಿಸುತ್ತೇನೆ. ಟಿವಿ ಹಿಂದಿನ ಚೀಟಿ ಓದಿ ವ್ಯಾಟ್ ಬರೆದುಕೊಂಡು ಬನ್ನಿ ಅಂದರೆ ಓಡಿ ಹೋಗುತ್ತಾರೆ.

ಟಿವಿಯ ಕಷ್ಟ ಏನೆಂದರೆ ಚಿಕ್ಕದು, ಮತ್ತೆ ನಾಜೂಕು. ಒಂದು ಕ್ರಿಕೆಟ್ ಬಾಲ್ ಸಾಕು. ಪರದೆ ಒಡೆದರೆ ರಿಪೇರಿಯ ಖರ್ಚಿಗೆ ಇನ್ನೊಂದು ಟಿವಿಯೇ ಬರುತ್ತದೆ. ಗೋಡೆಗೆ ಹಾಕಿಸಿ, ಮುಂದೆ ಬಾಗಿಲಿರುವ ಮರದ ಪೆಟ್ಟಿಗೆ ಮಾಡಿಸಿ, ಬೀಗ ಹಾಕಿ. ಗಾಲಿ ಸ್ಟ್ಯಾಂಡ್ ಮೇಲೆ ಒಂದು ಕ್ಲಾಸಿನಿಂದ ಇನ್ನೊಂದಕ್ಕೆ ತಳ್ಳಿಕೊಂಡು ಹೋಗಬಹುದು ಅಂತ ಹೇಳುತ್ತಾರೆ. ನಮ್ಮ ಶಾಲೆಗಳಲ್ಲಿ ಪ್ರತಿ ಬಾಗಿಲಿಗೂ ಹೊಸ್ತಿಲಿದೆ, ಜಗಲಿಗೆ ಮೆಟ್ಟಿಲಿದೆ. ಆಗುವ ಮಾತಲ್ಲ.

ನನ್ನ ತೀರ್ಮಾನ ಹೀಗೆ. ಮಕ್ಕಳು 40ರ ಒಳಗಿದ್ದರೆ 55 ಇಂಚಿನ ಟಿವಿ ತನ್ನಿ, ಹಿಂದಿನ ಬೆಂಚುಗಳನ್ನು ಗೋಡೆಗೆ ಸರಿಸಿ, ಮುಂದೆ ಜಮಖಾನ ಹಾಸಿ ಮಕ್ಕಳನ್ನು ಹತ್ತಿರ ಕೂರಿಸಿ. ಹದಿಮೂರು ಅಡಿಯೊಳಗೆ 40 ಮಕ್ಕಳು ನೆಲದ ಮೇಲೆ ಆರಾಮಾಗಿ ಕೂರುತ್ತಾರೆ. ಮಕ್ಕಳು 50 ದಾಟಿದ್ದರೆ, ಉತ್ತರಕ್ಕೆ ಕಿಟಕಿ ಇರುವ ಒಂದು ಕೋಣೆ ಇದ್ದರೆ, ಒಳ್ಳೆಯ ಪ್ರೊಜೆಕ್ಟರ್ರೇ ಸರಿ. ಬಿಳಿ ಪರದೆಗೆ ದುಡ್ಡು ಹಾಕಬೇಡಿ. ಗೋಡೆಗೆ ಹೊಳಪಿಲ್ಲದ ಬಿಳಿ ಬಣ್ಣ ಬಳಿಸಿದರೆ ಸಾಕು.

ಎರಡಕ್ಕೂ ಸೇರಿ ಒಂದು ಮಾತು. ಸ್ಪೀಕರ್ ಮರೆಯಬೇಡಿ. ಟಿವಿಯೊಳಗಿನ ಸ್ಪೀಕರ್ ಮನೆಯ ಹಾಲಿಗೆ ಮಾಡಿದ್ದು. ಮೇಲೆ ಎರಡು ಫ್ಯಾನ್ ತಿರುಗುತ್ತಿರುವಾಗ, ಪಕ್ಕದ ಕೋಣೆಯಲ್ಲಿ ಹಿಂದಿ ಪದ್ಯ ಓದಿಸುತ್ತಿರುವಾಗ ಅದು ಕೇಳುವುದಿಲ್ಲ. ಎರಡು ಮೂರು ಸಾವಿರದ ಸ್ಪೀಕರ್ ಒಂದನ್ನು ಮಕ್ಕಳ ಮಧ್ಯಕ್ಕೆ ಇಡಿ.

ಟಚ್ ಪ್ಯಾನಲ್, ಟ್ಯಾಬ್

ಮುಟ್ಟಿದರೆ ಬರೆಯುವ ದೊಡ್ಡ ಪ್ಯಾನಲ್ ನೋಡಲು ಚೆಂದ. ಆದರೆ ಬೆಲೆ ಅದೇ ಅಳತೆಯ ಟಿವಿಗಿಂತ ತುಂಬಾ ಜಾಸ್ತಿ. ದಾನಿಗಳು ಪೂರ್ತಿ ಕೊಟ್ಟು, ಕೆಟ್ಟರೆ ಮೆಕ್ಯಾನಿಕ್ ಎಲ್ಲಿಂದ ಬರುತ್ತಾನೆ ಅಂತ ಬರವಣಿಗೆಯಲ್ಲಿ ಕೊಟ್ಟರೆ ತೆಗೆದುಕೊಳ್ಳಿ. ನಿಮ್ಮ ಹತ್ತಿರ ಇರುವುದೇ ಸ್ವಲ್ಪ ದುಡ್ಡಾದರೆ ಬೇಡ. ಕಪ್ಪು ಹಲಗೆ, ಸೀಮೆಸುಣ್ಣ ಪಕ್ಕದಲ್ಲೇ ಇವೆ. ಬರೆಯುವ ಕೆಲಸ ಅಲ್ಲಿ ಆಗುತ್ತದೆ.

ಟ್ಯಾಬ್ ಬಗ್ಗೆ ಗೆಳತಿಗೆ ನೇರವಾಗಿ ಹೇಳಿದೆ. 50 ಸಾವಿರಕ್ಕೆ ಐದಾರು ಟ್ಯಾಬ್ ಬರುತ್ತವೆ. ಕ್ಲಾಸಿನಲ್ಲಿ 38 ಮಕ್ಕಳು. ಒಂದು ಟ್ಯಾಬಿಗೆ ಆರರಿಂದ ಎಂಟು ಜನ ಮುಗಿಬೀಳುತ್ತಾರೆ, ಯಾವಾಗಲೂ ಅದೇ ಚುರುಕು ಮಗುವಿನ ಕೈಯಲ್ಲಿ ಇರುತ್ತದೆ. ಚಾರ್ಜ್ ಹಾಕುವುದು, ಎಣಿಸುವುದು, ಬೀಗ ಹಾಕುವುದು ಎಲ್ಲಾ ನಿಮ್ಮ ತಲೆ ಮೇಲೆ. ಎರಡು ವರ್ಷಕ್ಕೆ ಬ್ಯಾಟರಿ ಸೋಲುತ್ತದೆ.

ನಿಮ್ಮ ಕೈಯಲ್ಲಿರುವ ಫೋನೇ ಕ್ಯಾಮೆರಾ

ಇಷ್ಟು ವರ್ಷದಲ್ಲಿ ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದಿರುವುದು ವಿಡಿಯೋ ಅಲ್ಲ, ಆ್ಯಪ್ ಅಲ್ಲ. ಫೋನಿನ ಕ್ಯಾಮೆರಾ. ಇನ್ನೂರು ಮುನ್ನೂರು ರೂಪಾಯಿಯ ಸ್ಟ್ಯಾಂಡಿಗೆ ಫೋನ್ ಸಿಕ್ಕಿಸಿ, ಮೇಜಿನ ಕಡೆ ಮುಖ ಮಾಡಿ ಟಿವಿಗೆ ಜೋಡಿಸುತ್ತೇನೆ. ಮೇಜಿನ ಮೇಲೆ ಏನಿಟ್ಟರೂ ಅದು ಪರದೆ ಮೇಲೆ ದೊಡ್ಡದಾಗಿ ಕಾಣುತ್ತದೆ.

9ನೇ ತರಗತಿಯಲ್ಲಿ ಈರುಳ್ಳಿ ಪೊರೆಯ ಜೀವಕೋಶ ನೋಡುವ ಪ್ರಯೋಗ ಇದೆ. ಚಿತ್ರದುರ್ಗ ಜಿಲ್ಲೆಯಲ್ಲಿ ಈರುಳ್ಳಿಗೇನು ಬರ? ಅರ್ಧ ಮಕ್ಕಳ ಮನೆ ಹೊಲದಲ್ಲೇ ಇರುತ್ತದೆ. ಆದರೆ ನಮ್ಮ ಶಾಲೆಯಲ್ಲಿರುವುದು ಒಂದೇ ಸೂಕ್ಷ್ಮದರ್ಶಕ. ಮೊದಲೆಲ್ಲಾ ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರಿಗೆ ತೋರಿಸುತ್ತಿದ್ದೆ. 40 ನಿಮಿಷದಲ್ಲಿ 50 ಮಕ್ಕಳು. ಒಬ್ಬರಿಗೆ ಒಂದು ನಿಮಿಷವೂ ಇಲ್ಲ. ಯಾರೋ ಮೇಜಿಗೆ ತಾಗಿ ಸ್ಲೈಡ್ ಸರಿಯುತ್ತಿತ್ತು. ಆಮೇಲೆ ಬಂದವರು ಖಾಲಿ ಬೆಳಕು ನೋಡಿ "ಕಾಣ್ತು ಮೇಡಂ" ಅಂದು ಹೋಗುತ್ತಿದ್ದರು.

ಹೋದ ವರ್ಷ ಸೂಕ್ಷ್ಮದರ್ಶಕದ ಮೇಲಿನ ಕಣ್ಣಿಗೆ ಫೋನಿನ ಕ್ಯಾಮೆರಾ ಹಿಡಿದೆ. ಕೈ ನಡುಗದ ಹಾಗೆ ಫೋನಿನ ಕೆಳಗೆ ಎರಡು ಪುಸ್ತಕ ಕೊಟ್ಟೆ. ಸ್ವಲ್ಪ ಹೊತ್ತು ಕಪ್ಪು ಸುತ್ತು ಅಷ್ಟೇ ಕಂಡಿತು. ಒಂದು ಕೂದಲೆಳೆಯಷ್ಟು ಸರಿಸಿದೆ. ಟಿವಿ ತುಂಬಾ ಇಟ್ಟಿಗೆ ಗೋಡೆ ಕಟ್ಟಿದ ಹಾಗೆ ಕೋಶಗಳು ಬಂದವು, ಅಯೋಡಿನ್ ಬಿದ್ದ ಕಡೆ ಹಳದಿ, ಒಂದೊಂದರಲ್ಲೂ ಒಂದು ಚುಕ್ಕೆ. ಕ್ಲಾಸು ನಿಶ್ಶಬ್ದ ಆಯಿತು. ಒಬ್ಬ ಹುಡುಗ ಎದ್ದು ಬಂದು ಪರದೆಯ ಹತ್ತಿರ ಬೆರಳಿಟ್ಟು "ಇದು ಕೋಶಕೇಂದ್ರನಾ ಮೇಡಂ?" ಅಂದ. ಅವನ ಅಪ್ಪ ಈರುಳ್ಳಿ ಬೆಳೆಯುವವರು. "ನಾವು ದಿನಾ ಹೆಚ್ಚೋ ಈರುಳ್ಳಿನಾ ಇದು?" ಅಂತ ಇನ್ನೊಂದು ಮಗು ಕೇಳಿತು. ಇಂಟರ್‌ನೆಟ್ಟಿನಲ್ಲಿ ಇದಕ್ಕಿಂತ ನೂರು ಪಟ್ಟು ಚೆನ್ನಾಗಿರುವ ಚಿತ್ರ ಸಿಗುತ್ತದೆ. ಆದರೆ ಅದು ಅವರ ಹೊಲದ ಈರುಳ್ಳಿ ಅಲ್ಲ.

ಇದೇ ಕ್ಯಾಮೆರಾದಲ್ಲಿ ಇನ್ನೊಂದು ಕೆಲಸ ಮಾಡುತ್ತೇನೆ. ನಿಮ್ನ ದರ್ಪಣದ ಕಿರಣ ರೇಖಾಚಿತ್ರ ಬರೆಯಲು ಹೇಳುತ್ತೇನೆ. ಆಮೇಲೆ ಒಬ್ಬರ ನೋಟ್ಸ್ ಕೇಳಿ ಪಡೆದು, ಹೆಸರು ಕಾಣದ ಹಾಗೆ ಕ್ಯಾಮೆರಾ ಕೆಳಗೆ ಇಡುತ್ತೇನೆ. "ಪೇಪರ್ ತಿದ್ದೋರು ನೀವೇ, ಎಷ್ಟು ಮಾರ್ಕ್ಸ್ ಕೊಡ್ತೀರಿ?" ಅನ್ನುತ್ತೇನೆ. ಕಿರಣಕ್ಕೆ ಬಾಣದ ಗುರುತು ಇಲ್ಲ ಅಂತ ಒಬ್ಬರು, ಸಂಗಮಬಿಂದು ಗುರುತಿಸಿಲ್ಲ ಅಂತ ಇನ್ನೊಬ್ಬರು. ನಾನು ಹತ್ತು ಸಲ ಹೇಳಿದರೂ ಹಾಕದ ಬಾಣವನ್ನು ಆವತ್ತಿನಿಂದ ಹಾಕುತ್ತಾರೆ. ಮಗು ಒಪ್ಪಿದರೆ ಮಾತ್ರ ತೋರಿಸಿ. ಒಂದು ದಿನ ತಪ್ಪಿರುವುದು, ಇನ್ನೊಂದು ದಿನ ಚೆನ್ನಾಗಿ ಬರೆದದ್ದು, ಹೀಗೆ ಬೆರೆಸಿ.

ಫೋನನ್ನು ಟಿವಿಗೆ ಜೋಡಿಸುವುದರಲ್ಲೂ ಆಯ್ಕೆ ಇದೆ. ಚಿತ್ರ, ಸದ್ದು ಎರಡನ್ನೂ ಒಯ್ಯುವ ಎಚ್‌ಡಿಎಂಐ ವೈರ್ ಆದರೆ ನಂಬಿಕಸ್ಥ. ಆದರೆ ಟೈಪ್-ಸಿ ಚಾರ್ಜಿಂಗ್ ಕಿಂಡಿ ಇರುವ ಎಲ್ಲಾ ಫೋನ್‌ಗಳೂ ವೈರಿನಲ್ಲಿ ಚಿತ್ರ ಕಳಿಸುವುದಿಲ್ಲ, ಕಮ್ಮಿ ಬೆಲೆಯ ಎಷ್ಟೋ ಫೋನ್‌ಗಳಿಗೆ ಆ ಸೌಲಭ್ಯವೇ ಇಲ್ಲ. ವೈರ್ ಕೊಂಡು ಬಂದು ಆಮೇಲೆ ಪರದಾಡುವುದು ಬೇಡ. ಸ್ಕ್ರೀನ್ ಕಾಸ್ಟ್ ಆದರೆ ವೈರ್ ಬೇಡ, ಆದರೆ ಚಿತ್ರ ಸ್ವಲ್ಪ ತಡವಾಗಿ ಬರುತ್ತದೆ, ಕೆಲವು ಟಿವಿಗಳಿಗೆ ಫೋನ್, ಟಿವಿ ಎರಡೂ ಒಂದೇ ವೈಫೈನಲ್ಲಿರಬೇಕು. ಇನ್ನೊಂದು ಫೋನಿನ ಹಾಟ್‌ಸ್ಪಾಟ್ ಹಾಕಿದರೆ ಅದಕ್ಕೆ ದಾರಿಯಾಗುತ್ತದೆ. ಟಿವಿ ಕೊಳ್ಳುವ ದಿನ ನಿಮ್ಮ ಫೋನನ್ನು ಅಂಗಡಿಯಲ್ಲೇ ಜೋಡಿಸಿ ನೋಡಿ, ಆಮೇಲೆ ದುಡ್ಡು ಎಣಿಸಿ.

ಏನು ತೋರಿಸುವುದು?

ಸಾಮಾನಿಗಿಂತ ಇದು ಮುಖ್ಯ. ನಮ್ಮ ಪಠ್ಯಪುಸ್ತಕದ ಪಾಠಗಳಲ್ಲಿ ಕ್ಯೂಆರ್ ಕೋಡ್ ಇದೆಯಲ್ಲ, ಅದು ದೀಕ್ಷಾ ಆ್ಯಪಿನದು. 2017ರಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ್ದು. ಅದರ ದೊಡ್ಡ ಅನುಕೂಲ ಏನೆಂದರೆ ಪಾಠಕ್ಕೆ ಸರಿಯಾಗಿ ಹೊಂದುತ್ತದೆ, ಕನ್ನಡದಲ್ಲಿದೆ, ಜಾಹೀರಾತಿಲ್ಲ, ಮನೆಯಲ್ಲಿ ಡೌನ್‌ಲೋಡ್ ಮಾಡಿಟ್ಟುಕೊಂಡರೆ ಶಾಲೆಯಲ್ಲಿ ನೆಟ್ ಬೇಡ. ಎಲ್ಲಾ ವಿಡಿಯೋಗಳೂ ಒಂದೇ ಮಟ್ಟದಲ್ಲಿಲ್ಲ. ಕೆಲವು ಬರೀ ಪುಸ್ತಕ ಓದಿದ ಹಾಗಿವೆ. ಹಿಂದಿನ ರಾತ್ರಿ ಪೂರ್ತಿ ನೋಡದೆ ಯಾವುದನ್ನೂ ಹಾಕಬೇಡಿ.

ಯೂಟ್ಯೂಬಿನಲ್ಲಿ ಬೇಕಾದಷ್ಟಿದೆ, ಕೆಲವಂತೂ ತುಂಬಾ ಚೆನ್ನಾಗಿವೆ. ಆದರೆ ಮಧ್ಯೆ ಬರುವ ಜಾಹೀರಾತು ಮಕ್ಕಳ ಮುಂದೆ ಮುಜುಗರ ತರುತ್ತದೆ. ನೆಟ್ ನಿಂತರೆ ಸುತ್ತುವ ಚಕ್ರ ನೋಡುತ್ತಾ ಕೂರಬೇಕು. ನಾನು ಯಾವ ವಿಡಿಯೋವನ್ನೂ ಐದು ನಿಮಿಷಕ್ಕಿಂತ ಜಾಸ್ತಿ ಒಟ್ಟಿಗೆ ಓಡಿಸುವುದಿಲ್ಲ. ನಿಲ್ಲಿಸುತ್ತೇನೆ, "ಮುಂದೆ ಏನಾಗುತ್ತೆ?" ಅಂತ ಕೇಳುತ್ತೇನೆ, ನೋಟ್ಸಿನಲ್ಲಿ ಬರೆಸುತ್ತೇನೆ, ಆಮೇಲೆ ಮುಂದುವರಿಸುತ್ತೇನೆ. 2020ರಲ್ಲಿ ಶಾಲೆ ಮುಚ್ಚಿದ್ದಾಗ ಚಂದನ ವಾಹಿನಿಯಲ್ಲಿ ಸಂವೇದ ಪಾಠಗಳು ಬರುತ್ತಿದ್ದವು. ಆಗ ಮಕ್ಕಳ ಮನೆಗಳಿಗೆ ಹೋದಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಅಕ್ಕನೋ ಅಣ್ಣನೋ ಪಕ್ಕದಲ್ಲಿ ಕೂತು ಕೇಳುತ್ತಿದ್ದ ಮಕ್ಕಳಿಗೆ ಪಾಠ ನೆನಪಿತ್ತು. ಒಬ್ಬರೇ ನೋಡಿದವರಿಗೆ ಟೀಚರ್ ಸೀರೆಯ ಬಣ್ಣ ನೆನಪಿತ್ತು.

ವಿಜ್ಞಾನದವರಿಗೆ ನಾನು ಮೊದಲು ಹೇಳುವ ಹೆಸರು ಫೆಟ್, ಪರದೆಯ ಮೇಲೇ ಪ್ರಯೋಗ ಮಾಡಿ ನೋಡುವ ಸಿಮ್ಯುಲೇಷನ್‌ಗಳ ವೆಬ್‌ಸೈಟ್. ನೊಬೆಲ್ ಪಡೆದ ಭೌತವಿಜ್ಞಾನಿ ಕಾರ್ಲ್ ವೀಮನ್ 2002ರಲ್ಲಿ ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ ಶುರು ಮಾಡಿದ್ದು. ಪೂರ್ತಿ ಉಚಿತ. ಎಷ್ಟೋ ಸಿಮ್ಯುಲೇಷನ್‌ಗಳು ಕನ್ನಡದಲ್ಲೇ ಸಿಗುತ್ತವೆ. ಒಂದೊಂದನ್ನೂ ಫೈಲ್ ಆಗಿ ಇಳಿಸಿಕೊಂಡು ಪೆನ್‌ಡ್ರೈವಿನಲ್ಲಿ ತಂದರೆ ಲ್ಯಾಪ್‌ಟಾಪಿನ ಬ್ರೌಸರಿನಲ್ಲಿ ನೆಟ್ ಇಲ್ಲದೆ ತೆರೆಯುತ್ತವೆ. ವಿದ್ಯುನ್ಮಂಡಲದ್ದು ನನಗೆ ಬಹಳ ಇಷ್ಟ. ತಂತಿ, ಬಲ್ಬ್, ಸೆಲ್ ಎಳೆದು ಜೋಡಿಸಿದರೆ ಎಲೆಕ್ಟ್ರಾನ್‌ಗಳು ಹರಿಯುವುದು ಕಾಣುತ್ತದೆ.

ಆದರೆ ಇಲ್ಲಿ ನನ್ನದೊಂದು ಹಟ ಇದೆ. ನಿಜವಾದ ಬಲ್ಬ್ ಉರಿಸಲು ಆಗುವಾಗ ಮೊದಲು ಅದನ್ನೇ ಉರಿಸಬೇಕು. ಎರಡು ಸೆಲ್, ಎರಡು ಟಾರ್ಚ್ ಬಲ್ಬ್, ಒಂದು ಗಜ ವೈರ್. ಸರಣಿಯಲ್ಲಿ ಜೋಡಿಸಿದಾಗ ಮಂಕಾಗುತ್ತದೆ, ಸಮಾಂತರದಲ್ಲಿ ಜೋಡಿಸಿದಾಗ ಹೊಳೆಯುತ್ತದೆ. ಮಕ್ಕಳು ಯಾಕೆ ಅಂತ ಕೇಳುತ್ತಾರೆ. ಆವಾಗ ಫೆಟ್ ತೆರೆಯಿರಿ. ಕಣ್ಣಿಗೆ ಕಾಣದ್ದನ್ನು ತೋರಿಸಲು ಅದಕ್ಕೆ ಶಕ್ತಿ ಇದೆ. ಮೊದಲೇ ಸಿಮ್ಯುಲೇಷನ್ ತೋರಿಸಿದರೆ ಅದು ಅವರಿಗೆ ಇನ್ನೊಂದು ಗೇಮ್. ಕೈಯಲ್ಲಿ ಮಾಡಿಸುವ ಪ್ರಯೋಗದ ಧೈರ್ಯ ಬೇಕಾದವರು ನಮ್ಮ ಚಳ್ಳಕೆರೆ ಬಳಿಯ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯವರು ನಡೆಸುವ ಶಿಕ್ಷಕರ ತರಬೇತಿಗೆ ಅವಕಾಶ ಸಿಕ್ಕರೆ ಬಿಡಬೇಡಿ.

ಗಣಿತಕ್ಕೆ ಜಿಯೋಜೀಬ್ರಾ. ಆಸ್ಟ್ರಿಯಾದ ಮಾರ್ಕುಸ್ ಹೋಹೆನ್‌ವಾರ್ಟರ್ 2001ರಲ್ಲಿ ಮಾಡಿದ ಉಚಿತ ಸಾಫ್ಟ್‌ವೇರ್, ಫೋನಿನಲ್ಲೂ ನೆಟ್ ಇಲ್ಲದೆ ನಡೆಯುತ್ತದೆ. ನಮ್ಮ ಶಾಲೆಯ ಗಣಿತದ ಮೇಷ್ಟ್ರು ಥೇಲ್ಸ್ ಪ್ರಮೇಯಕ್ಕೆ ಬಳಸುತ್ತಾರೆ. ತ್ರಿಭುಜದ ಒಂದು ಬಾಹುವಿಗೆ ಸಮಾಂತರವಾಗಿ ಗೆರೆ ಎಳೆದರೆ ಉಳಿದೆರಡು ಬಾಹುಗಳು ಒಂದೇ ಅನುಪಾತದಲ್ಲಿ ತುಂಡಾಗುತ್ತವೆ ಅನ್ನುವುದೇ ಆ ಪ್ರಮೇಯ. ತ್ರಿಭುಜದ ಒಂದು ಮೂಲೆಯನ್ನು ಎಳೆದರೆ ಬಾಹುಗಳ ಉದ್ದ ಬದಲಾಗುತ್ತದೆ, ಎರಡೂ ಕಡೆಯ ಅನುಪಾತ ಮಾತ್ರ ಸಮವಾಗಿಯೇ ಇರುತ್ತದೆ. ಮಕ್ಕಳು ನೋಡಿ ಒಪ್ಪುತ್ತಾರೆ. ಅಲ್ಲಿಗೇ ಅವರು ನಿಲ್ಲಿಸುವುದಿಲ್ಲ. "ನೋಡಿದ್ದು ಸಾಧನೆ ಅಲ್ಲ" ಅಂತ ಹಲಗೆಯ ಮೇಲೆ ಪ್ರಮೇಯ ಸಾಧಿಸುತ್ತಾರೆ. ರಚನೆ ಮಾಡಲು ಕಂಪಾಸ್ ಕೈಗೆ ಕೊಡುತ್ತಾರೆ. ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ಮಗುವಿನ ಕೈಯಲ್ಲಿರುವುದು ಪೆನ್ಸಿಲ್ ತಾನೇ.

ಕ್ಲಾಸಿನಲ್ಲೇ ಪುಟ್ಟ ಟೆಸ್ಟ್ ಮಾಡಲು ಪ್ಲಿಕರ್ಸ್ ಅಂತ ಒಂದಿದೆ. ಮಕ್ಕಳ ಹತ್ತಿರ ಫೋನ್ ಬೇಡ. ಒಬ್ಬೊಬ್ಬರಿಗೆ ಒಂದು ಮುದ್ರಿಸಿದ ಕಾರ್ಡ್. ಉತ್ತರ ಎ ಆದರೆ ಒಂದು ಕಡೆ ಮೇಲೆ ಮಾಡಿ ಹಿಡಿಯುತ್ತಾರೆ, ಬಿ ಆದರೆ ಇನ್ನೊಂದು ಕಡೆ. ಟೀಚರ್ ಫೋನ್ ಹಿಡಿದು ಕ್ಲಾಸಿನ ಮೇಲೆ ಆಡಿಸಿದರೆ ಯಾರ ಉತ್ತರ ಏನು ಅಂತ ಬರುತ್ತದೆ. ಮಕ್ಕಳೇ ಫೋನಿನಲ್ಲಿ ಉತ್ತರ ತುಂಬಬೇಕಾದ ಗೂಗಲ್ ಫಾರ್ಮ್ಸ್ ಜೊತೆ ಹೋಲಿಸಿದರೆ ನಮ್ಮ ಶಾಲೆಗಳಿಗೆ ಇದು ಎಷ್ಟೋ ಪಾಲು ವಾಸಿ. ಬಾಯಿಬಿಡದ ಮಗುವೂ ಉತ್ತರ ಕೊಡುತ್ತದೆ, ಪಕ್ಕದವರಿಗೆ ಅದು ಗೊತ್ತಾಗುವುದಿಲ್ಲ.

ನುಡಿಯಲ್ಲಿ ಟೈಪ್ ಮಾಡಿದ ಪಾಠ ಟಿವಿಯಲ್ಲಿ

ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ನಾವೆಲ್ಲಾ ಪ್ರಶ್ನೆಪತ್ರಿಕೆ ಟೈಪ್ ಮಾಡುವುದು ಕನ್ನಡ ಟೈಪಿಂಗ್ ಸಾಫ್ಟ್‌ವೇರ್ ನುಡಿಯಲ್ಲಿ, ಅದೂ ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡ ಅಕ್ಷರ ತೋರಿಸುವ ಹಳೇ ಆಸ್ಕಿ ಫಾಂಟಿನಲ್ಲಿ. ಆ ಫೈಲನ್ನು ಪೆನ್‌ಡ್ರೈವಿಗೆ ಹಾಕಿ ಟಿವಿಗೆ ಚುಚ್ಚಿದರೆ ಕನ್ನಡ ಬರುವುದಿಲ್ಲ. ಇಂಗ್ಲಿಷ್ ಅಕ್ಷರ, ಕೊಂಕಿನ ಗುರುತು, ಮೇಲೆ ಚುಕ್ಕಿ ಎಲ್ಲಾ ಕಲಸಿದ ಸಾಲುಗಳು ಬರುತ್ತವೆ. ಮೂರು ರಾತ್ರಿ ಕೂತು ಮಾಡಿದ ನನ್ನ ಮೊದಲ ಪಿಪಿಟಿಗೆ ಹೀಗೇ ಆಯಿತು. ಟಿವಿಯಲ್ಲಿ ಆ ಫಾಂಟ್ ಇರುವುದಿಲ್ಲ, ಅಷ್ಟೇ ಕಾರಣ. ಹಳೇ ಫೈಲ್ ಆದರೆ ಕಂಪ್ಯೂಟರಿನಲ್ಲೇ ಪಿಡಿಎಫ್ ಮಾಡಿ ತನ್ನಿ, ಫಾಂಟ್ ಜೊತೆಗೇ ಬರುತ್ತದೆ. ಹೊಸದಾಗಿ ಮಾಡುವುದಾದರೆ ಯೂನಿಕೋಡಿನಲ್ಲಿ, ಅಂದರೆ ಪ್ರತಿ ಭಾಷೆಯ ಅಕ್ಷರಕ್ಕೂ ತನ್ನದೇ ಸಂಖ್ಯೆ ಕೊಡುವ ವಿಧಾನದಲ್ಲಿ ಮಾಡಿ. ಯೂನಿಕೋಡಿನಲ್ಲಿ ಬರೆದಿದ್ದು ಫೋನ್, ಟಿವಿ, ವಾಟ್ಸ್ಯಾಪ್ ಹೆಚ್ಚುಕಮ್ಮಿ ಎಲ್ಲಾ ಕಡೆ ಕನ್ನಡವಾಗಿಯೇ ಕಾಣುತ್ತದೆ. ಟೈಪಿಂಗ್ ನಿಧಾನ ಅನ್ನುವವರು ಫೋನಿನ ಮೈಕ್ ಒತ್ತಿ ಕನ್ನಡದಲ್ಲಿ ಮಾತಾಡಿದರೆ ಅದೇ ಬರೆದುಕೊಳ್ಳುತ್ತದೆ, ತಪ್ಪು ತಿದ್ದಿದರೆ ಆಯಿತು.

ಎಐ ಚಾಟ್‌ಬಾಟ್ ಕೈಯಲ್ಲಿ ಪ್ರಶ್ನೆಪತ್ರಿಕೆ ಮಾಡಿಸುವವರು ಈಗ ಜಾಸ್ತಿ ಆಗಿದ್ದಾರೆ. ಪ್ರಶ್ನೆಗಳ ಐಡಿಯಾ ಸಿಗುತ್ತದೆ, ಸರಿ. ಆದರೆ ಪಾರಿಭಾಷಿಕ ಪದಗಳನ್ನು ಪುಸ್ತಕದ ಜೊತೆ ಇಟ್ಟು ನೋಡಲೇಬೇಕು. ನಮ್ಮ ಪುಸ್ತಕದಲ್ಲಿ ರೋಧ ಅಂತ ಇದ್ದರೆ ಅದು ಪ್ರತಿರೋಧ ಅಂತ ಬರೆದಿರುತ್ತದೆ. ಪರೀಕ್ಷೆ ಹಾಲಿನಲ್ಲಿ ಗೊಂದಲ ಆಗುವುದು ಮಗುವಿಗೆ.

ಮನೆಗೆಲಸಕ್ಕೆ ಫೋನ್ ಬೇಡ

ವಾಟ್ಸ್ಯಾಪ್ ಗ್ರೂಪಿನಲ್ಲಿ ಹೋಮ್‌ವರ್ಕ್ ಕೊಡಬೇಕಾ, ಬೋರ್ಡಿನಲ್ಲಾ ಅಂತ ಕೇಳುತ್ತಾರೆ. ಬೋರ್ಡಿನಲ್ಲಿ. ಮನೆಯಲ್ಲಿ ಇರುವುದು ಒಂದು ಫೋನ್. ಅದು ಅಪ್ಪನ ಜೇಬಿನಲ್ಲಿ ಹೊಲಕ್ಕೆ ಹೋಗಿರುತ್ತದೆ. ಸಂಜೆ ಬಂದರೆ ಮೊದಲು ಅಣ್ಣನ ಕೈಗೆ. ಹುಡುಗಿಗೆ ಸಿಗುವ ಹೊತ್ತಿಗೆ ಚಾರ್ಜೂ ಇಲ್ಲ, ಡೇಟಾನೂ ಇಲ್ಲ. ಗ್ರೂಪ್ ಇರಲಿ, ರಜೆಯ ಸುದ್ದಿಗೆ, ಪೋಷಕರ ಸಭೆಗೆ. ಮಾರ್ಕ್ಸಿಗೆ ಲೆಕ್ಕವಾಗುವ ಯಾವ ಕೆಲಸವೂ ಫೋನಿನ ಮೇಲೆ ನಿಲ್ಲಬಾರದು. ಮಕ್ಕಳ ಫೋಟೋವನ್ನೂ ಗ್ರೂಪಿಗೆ ಹಾಕಬೇಡಿ.

ಗೆಳತಿಗೆ ಹೇಳಿದ್ದು

ಅವಳ ಕ್ಲಾಸು ಬೋರ್ಡಿನಿಂದ ಕೊನೇ ಬೆಂಚಿಗೆ 18 ಅಡಿ, ಮಕ್ಕಳು 38. ಕಿಟಕಿಗಳೆಲ್ಲಾ ಪಶ್ಚಿಮಕ್ಕೆ, ಮಧ್ಯಾಹ್ನದ ಮೇಲೆ ಬಿಸಿಲು ಒಳಗೇ. ಹಾಗಾಗಿ ಪ್ರೊಜೆಕ್ಟರ್ ಬೇಡ ಅಂದೆ. 55 ಇಂಚಿನ ಟಿವಿ, ಮುಂದೆ ಜಮಖಾನ, ಫೋನಿಗೆ ಸ್ಟ್ಯಾಂಡ್, ಒಂದು ಸ್ಪೀಕರ್, ಬೀಗದ ಪೆಟ್ಟಿಗೆ. ಟಿವಿಗೆ 35ರಿಂದ 40 ಸಾವಿರ ಹೋದರೂ ಉಳಿದವಕ್ಕೆ ದುಡ್ಡು ಸಾಲುತ್ತದೆ. ಇನ್ವರ್ಟರ್ ಆಫೀಸಿನಲ್ಲಿದೆ, ಒಂದು ಲೈನ್ ಎಳೆಸಿದರೆ ಸಾಕು.

ಆದರೆ ಈಗಲೇ ಕೊಳ್ಳಬೇಡ ಅಂದೆ. ಒಂದು ತಿಂಗಳು ಯಾರದಾದರೂ ಮನೆಯ ಟಿವಿ ತಂದು, ವಾರಕ್ಕೆ ಎರಡು ಪಿರಿಯಡ್ ನಡೆಸಿ ನೋಡು. 9ನೇ ತರಗತಿಯ ಇಬ್ಬರು ಹುಡುಗಿಯರು, ಇಬ್ಬರು ಹುಡುಗರಿಗೆ ವೈರ್ ಜೋಡಿಸುವುದು ಕಲಿಸು. ನೀನು ಕ್ಲಾಸಿಗೆ ಹೋಗುವಷ್ಟರಲ್ಲಿ ಎಲ್ಲಾ ಆನ್ ಆಗಿರಬೇಕು. ಬೆಲ್ ಹೊಡೆದ ಮೇಲೆ ಹತ್ತು ನಿಮಿಷ ವೈರ್ ಹುಡುಕಿದರೆ 40 ನಿಮಿಷದಲ್ಲಿ ಏನು ಉಳಿಯುತ್ತದೆ?

ನಿನ್ನೆ ಸಂಜೆ ಅವಳ ಮೆಸೇಜ್ ಬಂತು. ಎಚ್‌ಎಂ ಮನೆಯ 43 ಇಂಚಿನ ಟಿವಿ ತಂದು ಹಾಕಿದ್ದಾಳೆ. ಬೆಂಚಿನ ಮೇಲೆ ಕೂರಿಸಿ ದ್ಯುತಿಸಂಶ್ಲೇಷಣೆ ಅಂತ ಹಾಕಿದಾಗ 38ರಲ್ಲಿ 17 ಮಕ್ಕಳು ಸರಿಯಾಗಿ ಬರೆದುಕೊಂಡರಂತೆ. ಜಮಖಾನ ಹಾಸಿ ಮುಂದೆ ಕೂರಿಸಿದಾಗ 33. ಉಳಿದ ಐವರಲ್ಲಿ ಮೂವರನ್ನು ಟಿವಿ ಪಕ್ಕದಲ್ಲೇ ನಿಲ್ಲಿಸಿ ಓದಿಸಿದರೂ ಓದಲಿಲ್ಲ. ಸೋಮವಾರ ಆ ಮೂವರನ್ನು ಕಣ್ಣಿನ ಪರೀಕ್ಷೆಗೆ ಕರೆದುಕೊಂಡು ಹೋಗುತ್ತಿದ್ದಾಳೆ.